ಬಾಯಾರ ಮೇಲಿನ ನನ್ನ ಹೊಟ್ಟೆಕಿಚ್ಚು

ನನಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ನೆಗೆಣ್ಣಿ ಕೈಗೆ ಹೊಸ ಚಿನ್ನದ ಬಿಲ್ವಾರ ಹಾಕಿಕೊಂಡು ಬಂದ ದಿನ ಪಟ್ಟಿದ್ದೇನೆ. ಹುಕ್ಕೇರಿಯಲ್ಲಿ ನನ್ನ ಜೊತೆ ಓದಿದ ಗೆಳತಿಗೆ ನೌಕರಿ ಸಿಕ್ಕಾಗ ಪಟ್ಟಿದ್ದೇನೆ. ಅವೆಲ್ಲ ನಾಲ್ಕು ದಿನ ಉರಿದು ತಾವೇ ಆರಿದವು. ಆರದೆ ಉಳಿದದ್ದು ಒಂದೇ, ಅಂಕಲಗಿಯ ನಮ್ಮ ಓಣಿಯ ಶಾಲೆಯಲ್ಲಿದ್ದ ಬಾಯಾರ ಮೇಲಿನದು. ಅವರು ಕಳೆದ ಮಳೆಗಾಲದಲ್ಲಿ ಮೂಡಲಗಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ತೀರಿಹೋದವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎಂದು ನನಗೂ ಗೊತ್ತು. ಆದರೂ ಈಗಲೂ ನಾನು ಕಲಿಸುವ ತರಗತಿಯಲ್ಲಿ ಯಾವುದಾದರೂ ಮಗು ಕೈ ಎತ್ತಿ, “ನಮ್ಮ ಅಕ್ಕಗ ಬಾಯಾರ ಹಿಂಗ ಕಲಿಸಿದ್ರಂತರಿ” ಎಂದು ಶುರು ಮಾಡಿದರೆ ಎದೆಯೊಳಗೆ ಚುರ್ ಎನ್ನುತ್ತದೆ.

ಅವರ ಹೆಸರು ಬರೆಯುವುದಿಲ್ಲ. ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಇಲ್ಲ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಬಾಯಾರು ಎನ್ನುತ್ತಾರೆ. ಆ ಶಾಲೆಯಲ್ಲಿ ಇನ್ನೂ ಇಬ್ಬರು ಶಿಕ್ಷಕಿಯರಿದ್ದರು, ಅವರನ್ನು ಜನ ಟೀಚರ್ ಎನ್ನುತ್ತಿದ್ದರು. ಬರೀ ‘ಬಾಯಾರು’ ಎಂದರೆ ಇವರೊಬ್ಬರೇ.

ಕುಳ್ಳಗಿದ್ದರು, ಅಗಲವಾಗಿದ್ದರು. ಗೋಕಾಕದಿಂದ ಬಸ್ಸಿಗೆ ಬರುತ್ತಿದ್ದರು. ಇಳಿದವರು ನೇರವಾಗಿ ಶಾಲೆಗೆ ಹೋಗುತ್ತಿರಲಿಲ್ಲ. ಓಣಿಯ ಒಂದೊಂದು ಬಾಗಿಲಲ್ಲೂ ಒಂದೊಂದು ಹೆಸರು ಕೂಗುತ್ತ ಬರುವರು. ಅವರ ದನಿ ನಮ್ಮ ಅಡುಗೆಮನೆಯ ಹಿಂದಿನ ಗೋಡೆ ದಾಟಿ ಬರುತ್ತಿತ್ತು. ತರಗತಿಯಲ್ಲಿ ಕುರ್ಚಿ ಇದ್ದದ್ದು ಅವರ ಚೀಲಕ್ಕೆ, ಅವರು ಅದರ ಮೇಲೆ ಕೂತದ್ದನ್ನು ನಾನು ನೋಡಿಲ್ಲ. ಹಾಜರಿ ಕರೆಯುವಾಗ ‘ಎಸ್ ಮಿಸ್’ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಹೆಸರು ಕರೆದರೆ ಬೆಳಿಗ್ಗೆ ಏನು ತಿಂದು ಬಂದೆ ಎಂದು ಹೇಳಬೇಕು. “ರೊಟ್ಟಿ ಪುಂಡಿಪಲ್ಯ ರಿ.” “ಚಾ, ಖಾರಿ ರಿ.” “ಅವಲಕ್ಕಿ ರಿ.” ಯಾರು ತಲೆ ಬಗ್ಗಿಸಿ ‘ಉಂಡೇನ್ರಿ’ ಎಂದಷ್ಟೇ ಹೇಳುತ್ತಾರೋ ಅವರಿಗೆ ಹಾಜರಿ ಮುಗಿದ ಮೇಲೆ ಚೀಲದಿಂದ ಒಂದು ಮುಷ್ಟಿ ಶೇಂಗಾ ಬೆಲ್ಲ ಹೋಗುತ್ತಿತ್ತು. ಒಮ್ಮೆ ರಂಜಾನ್ ತಿಂಗಳಲ್ಲಿ ನನ್ನ ಮಗಳು ಮುಸ್ಕಾನ್ ಉಪವಾಸವಿರುವ ದೊಡ್ಡವರ ಹಾಗೆ, “ನಂದು ರೋಜಾ ಐತ್ರಿ” ಎಂದಳಂತೆ. ಬಾಯಾರು ಹತ್ತಿರ ಬಂದು ಮೂಸಿ, “ನಿನ್ನ ರೋಜಾ ಶ್ಯಾವಿಗಿ ಪಾಯಸದ ವಾಸನಿ ಹೊಡ್ಯಾಕತ್ತೈತಲ್ಲ, ತಂಗಿ” ಎಂದರಂತೆ. ಮಗಳು ಮನೆಗೆ ಬಂದು ಇದನ್ನು ನಗುನಗುತ್ತ ಹೇಳಿದಳು. ಪಾಯಸ ಮಾಡಿದ್ದು ನಾನು. ಮಗಳು ಹೇಳಿದ್ದು ಬಾಯಾರ ಮಾತು.

ನನ್ನ ಕಿಚ್ಚಿಗೆ ಒಂದು ಹಿಂದಿನ ಕಾರಣವೂ ಇತ್ತು. ನಾನು ಡಿ.ಎಡ್. ಮಾಡಿದವಳು. ಹುಕ್ಕೇರಿಯಲ್ಲಿ ನಮ್ಮ ಅಬ್ಬಾ ಮಗಳು ಟೀಚರ್ ಆಗುತ್ತಾಳೆ ಎಂದು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡಿದ್ದರು. ನೌಕರಿ ಆಗಲಿಲ್ಲ, ಮದುವೆ ಆಯಿತು. ಅಂಕಲಗಿಗೆ ಬಂದೆ. ನನ್ನ ಗಂಡನದು ಪಂಪಿನ ಮೋಟಾರು ವೈಂಡಿಂಗ್ ಅಂಗಡಿ. ಮನೆಯ ಮುಂದೆ ತಗಡಿನ ಪತ್ರಾಸ್ ಶೆಡ್ಡು, ಅದರಾಚೆ ರಸ್ತೆ, ರಸ್ತೆಯಾಚೆ ಶಾಲೆ. ದಿನವೂ ಬೆಳಿಗ್ಗೆ ಪಾತ್ರೆ ತೊಳೆಯುತ್ತ ನಾನು ಆಗಬೇಕಾಗಿದ್ದ ಹೆಂಗಸು ಎದುರಿನ ಗೇಟಿನೊಳಗೆ ಹೋಗುವುದನ್ನು ನೋಡುತ್ತಿದ್ದೆ.

ಆಮೇಲೆ ಕರೋನಾ ಬಂದು ಶಾಲೆ ಬಂದ್ ಆಯಿತು. ಮುಸ್ಕಾನ್ ಆಗ ಎರಡನೆಯ ಇಯತ್ತೆ, ಅಂದರೆ ಎರಡನೆಯ ತರಗತಿ.

ಬಾಯಾರಿಗೆ ದಮ್ಮಿನ ಕಾಯಿಲೆ ಇತ್ತು. ಬಸ್ಸು ಇಲ್ಲ, ಇದ್ದರೂ ಹತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಅವರು ಗೋಕಾಕದಿಂದ ಪಾಠವನ್ನು ತಮ್ಮ ದನಿಯಲ್ಲಿ ರೆಕಾರ್ಡ್ ಮಾಡಿ ಫೋನಿಗೆ ಕಳಿಸುತ್ತಿದ್ದರು. ಮೊದಲ ಪಾಠ ಕೇಳಿ ನಾನು ಬಿದ್ದು ಬಿದ್ದು ನಕ್ಕೆ. ಫೋನು ಎಂದರೆ ಏನು ಎಂಬುದೇ ಅವರಿಗೆ ಗೊತ್ತಿಲ್ಲ ಎನಿಸಿತು. “ಮುಸ್ಕಾನ್, ಏನ ಉಂಡಿ?” ಎಂದು ಕೇಳಿ ಸುಮ್ಮನಾಗುವರು. ಫೋನಿನಲ್ಲಿ ಬರೀ ಅವರ ಉಸಿರು, ಎಲ್ಲೋ ದೂರದಲ್ಲಿ ಕುಕ್ಕರಿನ ಸೀಟಿ. ಆಮೇಲೆ, “ಹೂಂ, ಶಾಬಾಸ್. ಈಗ ಪುಸ್ತಕ ತೆಗಿ. ತೆಗದಿ?” ಮತ್ತೆ ಮೌನ. “ತೆಗದಾಳ, ಬಂಗಾರದಂಥಾಕಿ.” ಉತ್ತರ ಯಾರಿಗೂ ಕೇಳುವುದಿಲ್ಲ, ಆದರೂ ಉತ್ತರಕ್ಕೆ ಜಾಗ ಬಿಟ್ಟು ಮಾತಾಡುತ್ತಿದ್ದರು.

ನಗುತ್ತಿದ್ದವಳು ಮಗಳ ಕಡೆ ತಿರುಗಿದೆ. ಅವಳು ಆ ಮೌನದಲ್ಲಿ ಫೋನಿಗೆ ಬಾಯಿ ಹತ್ತಿರ ಮಾಡಿ, “ಉಪ್ಪಿಟ್ಟು ರಿ” ಎನ್ನುತ್ತಿದ್ದಳು. ನನ್ನ ನಗು ಅಲ್ಲೇ ನಿಂತಿತು.

ಫೋನು ಇದ್ದದ್ದು ಎಷ್ಟು ಮನೆಯಲ್ಲಿ? ಇದ್ದರೂ ಅಪ್ಪ ಹೊಲಕ್ಕೆ ಹೋಗುವಾಗ ಜೇಬಿನಲ್ಲಿ ಹೋಗುತ್ತಿತ್ತು. ಓಣಿಯ ಮಕ್ಕಳು ದಿನವಿಡೀ ಗೋಲಿ, ಲಗೋರಿ. ಮಗಳಿಗೆ ಓದಿಸುವಾಗ ಪಕ್ಕದ ಮನೆಯ ಲಕ್ಕವ್ವ ತನ್ನ ಮೊಮ್ಮಗನನ್ನೂ ಕೂರಿಸಿ ಹೋದಳು. ಮರುದಿನ ಇನ್ನಿಬ್ಬರು. ವಾರದೊಳಗೆ ಶೆಡ್ಡು ತುಂಬಿತು. ಅಂಗಡಿಯ ಕೆಲಸ ಹೇಗೂ ನಿಂತಿತ್ತು. ನನ್ನ ಗಂಡ ಒಂದು ಹಳೆಯ ಪ್ಲೈವುಡ್ಡಿಗೆ ಕಪ್ಪು ಬಣ್ಣ ಬಳಿದು ಮೋಟಾರುಗಳ ಮೇಲೆ ಆನಿಸಿ ನಿಲ್ಲಿಸಿದ. ನಾನು ಸೀಮೆಸುಣ್ಣದ ಖಡು ಹಿಡಿದು ಅದರ ಮುಂದೆ ನಿಂತೆ.

ಆ ದಿನಗಳನ್ನು ನಾನು ಯಾರಿಗೂ ಸರಿಯಾಗಿ ಹೇಳಲಾರೆ. ಊರೆಲ್ಲ ಹೆದರಿ ಕೂತಿತ್ತು, ಸಾವಿನ ಸುದ್ದಿ ಬರುತ್ತಿತ್ತು, ಅಂಗಡಿಯಲ್ಲಿ ವ್ಯಾಪಾರವಿಲ್ಲ. ನಾನು ಮಾತ್ರ ಬೆಳಿಗ್ಗೆ ಎದ್ದರೆ ಖುಷಿಯಲ್ಲಿರುತ್ತಿದ್ದೆ. ಮೊದಲು ಮಕ್ಕಳು ನನ್ನನ್ನು ಆಂಟಿ ಎನ್ನುತ್ತಿದ್ದವು. ಒಂದು ದಿನ ಲಕ್ಕವ್ವನ ಮೊಮ್ಮಗ ಅಪ್ಪಿತಪ್ಪಿ, “ಬಾಯಾರ, ನೀರ ಕುಡ್ಯಾಕ ಹೋಗ್ಲಿರಿ?” ಎಂದ. ಯಾರೂ ನಗಲಿಲ್ಲ. ಆವತ್ತಿನಿಂದ ಎಲ್ಲವೂ ಹಾಗೆಯೇ ಕರೆದವು. ನನ್ನ ಗಂಡನೂ ಬಾಗಿಲಲ್ಲಿ ನಿಂತು, “ಬಾಯಾರ, ಚಾ ಸಿಗತೈತೇನ್ರಿ?” ಎಂದು ಚೇಷ್ಟೆ ಮಾಡುವನು. ನಾನು ಸಿಟ್ಟು ತೋರಿಸುತ್ತಿದ್ದೆ, ಆದರೆ ಅವನು ಕರೆಯದ ದಿನ ಏನೋ ಕಳೆದ ಹಾಗೆ ಇರುತ್ತಿತ್ತು.

ಆ ಶೆಡ್ಡಿನಲ್ಲಿ ರೇಖಾ ಎಂಬ ಹುಡುಗಿ ಇದ್ದಳು. ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳಿಸಿಕೊಳ್ಳದವಳು. ಅವಳ ತಾಯಿ ಕೂಲಿಗೆ ಹೋಗುವವಳು. ಘೋಡಗೇರಿಯಲ್ಲಿ ಚಿಕ್ಕಮ್ಮನಿಗೆ ಕೂಸು ಹುಟ್ಟಿದಾಗ, ‘ಶಾಲೆ ಹೇಗೂ ಇಲ್ಲ, ಕೂಸು ಆಡಿಸಲಿ’ ಎಂದು ರೇಖಾಳನ್ನು ಅಲ್ಲಿಗೆ ಕಳಿಸಿಬಿಟ್ಟಳು. ನನ್ನ ಶೆಡ್ಡಿನಿಂದ ಹೋದವಳು ಅವಳೊಬ್ಬಳೇ.

ದಸರೆ ಮುಗಿದ ಮೇಲೆ ಸಣ್ಣ ಮಕ್ಕಳ ಶಾಲೆ ಚಾಲೂ ಆಯಿತು. ಗೇಟಿಗೆ ಮಾವಿನ ತೋರಣ, ಒಳಗೆ ರಂಗೋಲಿ, ಹೆಡ್ ಮಾಸ್ತರರ ಕೈಯಲ್ಲಿ ಗುಲಾಬಿ ಹೂ. ಮುಸ್ಕಾನಳ ಹಳೆಯ ಅಂಗಿ ತೋಳಿಗೆ ಏರಲಿಲ್ಲ, ಹೊಸದನ್ನು ನಾನೇ ಹೊಲಿದಿದ್ದೆ. ಎರಡನೆಯ ಇಯತ್ತೆಯಿಂದ ಎದ್ದು ಹೋದ ಮಕ್ಕಳು ನಾಲ್ಕನೆಯ ಇಯತ್ತೆಗೆ ಬಂದು ಕೂರಬೇಕಿತ್ತು. ನಡುವಿನ ಮೂರನೆಯದನ್ನು ನಮ್ಮ ಓಣಿಯ ಮಕ್ಕಳು ನನ್ನ ಶೆಡ್ಡಿನಲ್ಲಿ ಮುಗಿಸಿದ್ದವು.

ನಾನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ನನ್ನ ಮಕ್ಕಳು ಬಣ್ಣಬಣ್ಣದ ಮಾಸ್ಕ್ ಹಾಕಿಕೊಂಡು ಸಾಲಾಗಿ ಬಂದವು. ಅಷ್ಟರಲ್ಲಿ ಬಸ್ಸು ಇಳಿದ ದನಿ ಕೇಳಿಸಿತು. “ಏ ನನ್ನ ಪೋರಗೋಳ್ಯಾ!” ಅಷ್ಟೇ. ಮಕ್ಕಳು ಚೀಲ ಎಸೆದು ಓಡಿದವು. ಲಕ್ಕವ್ವನ ಮೊಮ್ಮಗ ನನ್ನ ಮುಂದಿನಿಂದಲೇ ಓಡುತ್ತ, “ಆಂಟಿ, ಸಾಲಿ ಚಾಲೂ ಆತರಿ!” ಎಂದು ಕೂಗಿ ಹೋದ.

ಆಂಟಿ. ಒಂದು ಕ್ಷಣದಲ್ಲಿ ಆಗಿಹೋಯಿತು. ಯಾರೂ ಕಿತ್ತುಕೊಳ್ಳಲಿಲ್ಲ, ಬೈಯಲಿಲ್ಲ. ಇಟ್ಟುಕೊಳ್ಳಲು ಕೊಟ್ಟಿದ್ದನ್ನು ವಾಪಸು ತೆಗೆದುಕೊಂಡ ಹಾಗೆ ತೆಗೆದುಕೊಂಡವು.

ಬಾಯಾರು ಅರ್ಧ ಆಗಿದ್ದರು. ಸೀರೆ ಮೈಮೇಲೆ ನಿಲ್ಲದೆ ಎರಡೆರಡು ಪಿನ್ನು ಹಾಕಿದ್ದರು. ಮಾಸ್ಕಿನಿಂದಾಗಿ, ಬೆಳೆದದ್ದರಿಂದಾಗಿ ಯಾವ ಮಗುವಿನ ಗುರುತೂ ಅವರಿಗೆ ಸಿಗಲಿಲ್ಲ. ಅವರು ಅಂಗಳದಲ್ಲೇ ನಿಂತು ಕಣ್ಣು ಮುಚ್ಚಿ, “ಒಬ್ಬೊಬ್ಬರ ಬಂದ ಏನ ಉಂಡೀರಿ ಹೇಳ್ರಿ. ದನಿ ಮ್ಯಾಲ ಹಿಡೀತೇನಿ” ಎಂದರು. ಮಕ್ಕಳು ಬಂದವು. ಅವರು ಒಬ್ಬೊಬ್ಬರ ಹೆಸರನ್ನೂ ಹೇಳಿದರು. ಒಂದೆರಡು ತಪ್ಪಿದವು, ತಪ್ಪಿದ ಹುಡುಗರಿಗೆ ಈಗಲೇ ಅಪ್ಪಂದಿರ ದನಿ ಬಂದಿದೆ ಎಂದು ಎಲ್ಲರ ಎದುರು ಹೇಳಿ ನಗಿಸಿದರು. ಗೇಟಿನ ಹೊರಗೆ ತಾಯಂದಿರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ಕಣ್ಣೂ ಉರಿಯಿತು, ಕಾರಣ ಮಾತ್ರ ಬೇರೆ.

ಆಮೇಲಿನ ದಿನಗಳಲ್ಲಿ ನಾನು ನೀರಿನ ಬಾಟಲಿ ಕೊಡುವ ನೆವದಿಂದ, ಟಿಫಿನ್ ಡಬ್ಬಿ ಮರೆತ ನೆವದಿಂದ ಶಾಲೆಗೆ ಹೋಗುತ್ತಿದ್ದೆ. ಹೋದಾಗಲೆಲ್ಲ ಅವರು ಅಂಗಳದಲ್ಲಿ ಮಕ್ಕಳನ್ನು ಆಡಿಸುತ್ತಿದ್ದರು. ಕುಂಟಾಬಿಲ್ಲೆ, ಕೈ ಹಿಡಿದು ವರ್ತುಲ, ಹಾಡು. ಪಾಠವೇ ಇಲ್ಲ. ನಾನು ಮನೆಗೆ ಬಂದು ಗಂಡನ ಮೇಲೆ ಹರಿಹಾಯ್ದೆ. “ನಾ ಎಲ್ಲಿತನಕ ಕಲಿಸಿ ಕೊಟ್ಟೇನಿ, ಆಕಿ ಎಲ್ಲಿಗೆ ತಂದ ನಿಲ್ಲಿಸ್ಯಾಳ ನೋಡ್ರಿ. ಕುಂಟಾಬಿಲ್ಲಿ ಆಡಸಾಕ ಪಗಾರ ಕೊಡತಾರೇನ ಆಕಿಗೆ?”

ಅವನು ವೈರ್ ಸುತ್ತುತ್ತಲೇ ಹೇಳಿದ: “ನನಗ ಯಾಕ ಹೇಳತಿ? ಹೋಗಿ ಆಕಿಗೆ ಕೇಳ.”

ಕೇಳಲೇಬೇಕು ಎಂದು ಹೋದೆ. ಆವತ್ತು ಮಕ್ಕಳು ಒಳಗಿದ್ದವು. ಕಿಟಕಿಯ ಬಳಿ ನಿಂತೆ. ಬಾಯಾರು ಹಲಗೆಯ ಮೇಲೆ ಕಳೆಯುವ ಲೆಕ್ಕ ಬರೆದಿದ್ದರು. ಮೇಲಿನ ಅಂಕಿ ಸಣ್ಣದು, ಕೆಳಗಿನದು ದೊಡ್ಡದು. “ದಶಕ ಬಿಡಿಸಿ ಬಿಡಿಗೆ ಕೂಡಿಸಬೇಕು” ಎನ್ನುತ್ತಿದ್ದರು. ಅರ್ಧ ಮಕ್ಕಳ ಮುಖ ಖಾಲಿ. ಆಗ ಲಕ್ಕವ್ವನ ಮೊಮ್ಮಗ ಎದ್ದ.

“ಹಂಗಲ್ರಿ ಬಾಯಾರ. ಮನಿಯಾಗ ಹಿಟ್ಟ ಕಡಿಮಿ ಬಿದ್ರ ಬಾಜೂ ಮನಿಗೆ ಹೋಗಿ ಒಂದ ಬಟ್ಟಲ ತರ್ತೇವಲ್ರಿ? ಹಂಗ ತರಬೇಕರಿ. ಆಂಟಿ ಹೇಳ್ಯಾರ.”

ನನ್ನ ಮೈಯಲ್ಲಿ ಹಾಲು ಉಕ್ಕಿದ ಹಾಗಾಯಿತು. ಆಂಟಿ ಎಂದಿದ್ದರೂ ಪರವಾಗಿಲ್ಲ ಎನಿಸಿತು. ಬಾಯಾರು ಖಡು ಹಿಡಿದ ಕೈ ಇಳಿಸದೆ ನಿಂತರು. ನಿಧಾನಕ್ಕೆ ತಿರುಗಿದವರು ಕಿಟಕಿಯಲ್ಲಿ ನನ್ನನ್ನು ನೋಡಿದರು. ನಾನು ಕಳ್ಳಿಯ ಹಾಗೆ ಮನೆಗೆ ಓಡಿ ಬಂದೆ.

ಶಾಲೆ ಬಿಟ್ಟ ಮೇಲೆ, ಬಸ್ಸು ಬರುವ ಮೊದಲು, ಅವರು ನಮ್ಮ ಮನೆಗೆ ಬಂದರು. ಮೊದಲ ಸಲ. ಬಾಗಿಲ ಮೆಟ್ಟಿಲ ಮೇಲೆ ಕೂತು ದಮ್ಮು ಇಳಿಸಿಕೊಂಡರು. ನಾನು ನೀರು ಕೊಟ್ಟೆ. ಜಗಳಕ್ಕೆ ಬಂದಿದ್ದಾರೆ ಎಂದು ನಾನೂ ಮಾತು ಜೋಡಿಸಿಕೊಳ್ಳುತ್ತಿದ್ದೆ.

“ಹಸೀನಾ, ನಿನಗ ಖರೆ ಹೇಳಲೇನ?” ಎಂದರು. “ನಿನ್ನ ಮ್ಯಾಲ ನನಗ ಭಾಳ ಹೊಟ್ಟಿಕಿಚ್ಚ ಆಗೈತಿ.”

“ನನ್ನ ಮ್ಯಾಲರಿ?” ಎಂದೆ.

“ಹೌದವ್ವಾ. ಸಾಲಿಗೆ ಬಂದೆ, ನೋಡತೇನಿ, ಅರ್ಧಾ ಮಕ್ಕಳು ಅಕ್ಷರ ಮರ್ತಾವ. ಅವಕ್ಕ ಓದೋ ಮಕ್ಕಳನ್ನ ನೋಡಿ ಅಂಜಿಕಿ. ಬಾಯಿ ಬಿಡವಲ್ಲವು. ಅದಕ್ಕ ಆಡಸಾಕತ್ತೇನಿ, ಮೊದಲ ದನಿ ಹೊರಗ ಬರ್ಲಿ ಅಂತ. ಇನ್ನ ಅರ್ಧಾ ಮಕ್ಕಳು ನಿನ್ನವು. ಏನ ಕೇಳಿದ್ರೂ ಆಂಟಿ ಹಿಂಗ ಹೇಳ್ಯಾರ, ಆಂಟಿ ಹಂಗ ಹೇಳ್ಯಾರ. ಕೇಳಿ ಕೇಳಿ ಹೊಟ್ಟಿ ಉರದ ಹೋತು ನಂದು. ಇಷ್ಟ ವರ್ಷ ಕಳೆಯೋ ಲೆಕ್ಕ ಕಲಿಸೇನಿ, ಆ ಹಿಟ್ಟಿನ ಮಾತ ನನಗ್ಯಾಕ ಹೊಳೀಲಿಲ್ಲ?”

ಹೀಗೆಂದು ಜೋರಾಗಿ ನಕ್ಕರು. ನಕ್ಕು ಕೆಮ್ಮಿದರು. ಒಳಗಿನಿಂದ ನನ್ನ ಗಂಡನೂ ನಕ್ಕ. ನನಗೆ ನಗಲು ಆಗಲಿಲ್ಲ. ನಾನು ಎಷ್ಟೋ ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡು ನುಂಗಲಾರದೆ ಉಗುಳಲಾರದೆ ಒದ್ದಾಡಿದ್ದನ್ನು ಈ ಹೆಂಗಸು ನನ್ನ ಮೆಟ್ಟಿಲ ಮೇಲೆ ಕೂತು, ನನ್ನ ಮನೆಯ ನೀರು ಕುಡಿದು, ಒಂದೇ ಉಸಿರಿನಲ್ಲಿ ಹೇಳಿ ಹಗುರಾಗಿಬಿಟ್ಟರು. ಹೊಟ್ಟೆಕಿಚ್ಚನ್ನು ಕೂಡ ನನಗಿಂತ ಚೆಂದ ಪಡುತ್ತಾರಲ್ಲ ಎಂದು ನನ್ನ ಕಿಚ್ಚು ಇನ್ನಷ್ಟು ಹೆಚ್ಚಿತು.

“ನಾಳೆ ಸಾಲಿಗೆ ಬಾ,” ಎಂದು ಎದ್ದರು. “ಹೆಡ್ ಮಾಸ್ತರಗ ಹೇಳೇನಿ. ಓದಾಕ ಬರೋ ಮಕ್ಕಳು ನಿನ್ನ ಕಡೆ, ಮರತವು ನನ್ನ ಕಡೆ. ಇಬ್ಬರೂ ಒಂದ ಖೋಲಿಯಾಗ. ನೀ ಹೆಂಗ ಕಲಸ್ತಿ ನಾ ನೋಡಬೇಕು.”

ಹೋಗಬಾರದು ಎಂದುಕೊಂಡೆ. ಬೆಳಗಾದರೆ ಎಲ್ಲರಿಗಿಂತ ಮೊದಲು ಇಸ್ತ್ರಿ ಮಾಡಿದ ಸೀರೆ ಉಟ್ಟು ಗೇಟಿನಲ್ಲಿ ನಿಂತಿದ್ದೆ.

ಒಂದೇ ಖೋಲಿಯಲ್ಲಿ ಎರಡು ಗೋಡೆಗೆ ಮುಖ ಮಾಡಿ ಇಬ್ಬರೂ ಕಲಿಸಿದೆವು. ನನ್ನ ಕಡೆಯ ಮಕ್ಕಳು ಚುರುಕು, ಕೇಳಿದ್ದಕ್ಕೆಲ್ಲ ಉತ್ತರ. ಆದರೂ ಅವುಗಳ ಕಿವಿ ಆ ಕಡೆ ಇರುತ್ತಿತ್ತು. ಅಲ್ಲಿ ನಗು ಎದ್ದರೆ ಇಲ್ಲಿ ಕತ್ತು ತಿರುಗುತ್ತಿದ್ದವು. ಒಂದು ಮಗು ‘ಮ’ ಬರೆಯಲು ತಿಂಗಳು ತೆಗೆದುಕೊಂಡರೂ ಬಾಯಾರಿಗೆ ಬೇಸರವಿಲ್ಲ. ಬರೆದ ದಿನ ಅದನ್ನು ಎತ್ತಿಕೊಂಡು ಬಂದು ನನ್ನ ಹಲಗೆಯ ಮೇಲೆ ಬರೆಸುತ್ತಿದ್ದರು, ನನ್ನ ಗುಣಾಕಾರದ ನಡುವೆ. ನಾನು ಮುಖ ಗಂಟು ಹಾಕಿದರೆ, “ಇರ್ಲಿ ತಂಗಿ, ನಿನ್ನ ಹಲಗಿ ಮ್ಯಾಲ ಬರದ್ರ ಅದಕ ದೊಡ್ಡ ಇಯತ್ತೆಕ್ಕ ಹೋದಂಗ ಆಕ್ಕೈತಿ” ಎನ್ನುವರು. ಒಂದೊಂದಾಗಿ ಆ ಮಕ್ಕಳು ನನ್ನ ಕಡೆ ದಾಟಿ ಬಂದವು. ಬಂದು ಕೂತ ಮೇಲೂ ಸಂಜೆ ಬಸ್ಸಿನವರೆಗೆ ಅವರ ಚೀಲ ಹೊತ್ತುಕೊಂಡು ಹೋಗುತ್ತಿದ್ದವು.

ಹಾಜರಿ ಕರೆಯುವಾಗ ಅವರು ದಿನವೂ ರೇಖಾಳ ಹೆಸರು ಕರೆಯುತ್ತಿದ್ದರು. ಉತ್ತರ ಬರುವುದಿಲ್ಲ ಎಂದು ಗೊತ್ತು. ಆದರೂ ಕರೆದು, ತುಸು ಕಾದು, ಮುಂದೆ ಹೋಗುವರು. ಒಂದು ಶನಿವಾರ ಶಾಲೆ ಬಿಟ್ಟ ಕೂಡಲೇ, “ಘೋಡಗೇರಿಗೆ ಹೋಗೂಣು, ನಡಿ” ಎಂದರು. ರೇಖಾಳ ತಾಯಿಯನ್ನು ಮೊದಲೇ ಕಂಡು ಬಂದಿದ್ದರು. ಅವಳು, “ನಮ್ಮ ತಂಗಿ ಬಿಟ್ಟರ ಕರಕೊಂಡ ಬರ್ರಿ” ಎಂದಿದ್ದಳಂತೆ.

ಗೋಕಾಕಕ್ಕೆ ಹೋಗಿ ಬಸ್ಸು ಬದಲಿಸಿದೆವು. ಅವರಿಗೆ ಏನು ಯೋಚನೆಯೋ ಗೊತ್ತಿಲ್ಲ, ನನಗೆ ಒಂದೇ ಯೋಚನೆ. ರೇಖಾ ನನ್ನ ಶೆಡ್ಡಿನ ಹುಡುಗಿ. ಅವಳು ಓಡಿ ಬಂದರೆ ಯಾರ ಹತ್ತಿರ ಬರುತ್ತಾಳೆ?

ಚಿಕ್ಕಮ್ಮನ ಮನೆ ಊರ ಕೊನೆಯಲ್ಲಿ, ಕಬ್ಬಿನ ಹೊಲಕ್ಕೆ ಅಂಟಿಕೊಂಡಿತ್ತು. ರೇಖಾ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ನಮ್ಮನ್ನು ನೋಡಿದ್ದೇ ಒಳಗೆ ಹೋಗಿ ಬಾಗಿಲ ಹಿಂದೆ ಅಡಗಿದಳು. ಚಿಕ್ಕಮ್ಮ ಚಾಪೆ ಹಾಸಿದಳು, ಆದರೆ ಮಾತು ಬಿರುಸು.

“ಎಲ್ಲಿ ಸಾಲಿರಿ? ಸಾಲಿ ಫೋನಿನ್ಯಾಗ ಐತೆಂತಾರ. ನಮ್ಮ ಮನಿಯಾಗ ಫೋನ ಇಲ್ರಿ.”

ಬಾಯಾರು ಅವಳ ಕೈ ಹಿಡಿದು ತಮ್ಮ ಕೆನ್ನೆಯ ಮೇಲೆ ಇಟ್ಟುಕೊಂಡರು. “ನೋಡವ್ವಾ, ಮುಟ್ಟಿ ನೋಡ. ಫೋನಿನ್ಯಾಗಿಂದ ಹೊರಗ ಬಂದೇನಿ. ಸಾಲಿನೂ ಬಂದೈತಿ.”

ಚಿಕ್ಕಮ್ಮನಿಗೆ ನಗು ಬಂತು. ನಕ್ಕವಳು ಅತ್ತಳು. ಕೂಸನ್ನು ಯಾರು ನೋಡುತ್ತಾರೆ, ಹೊಲಕ್ಕೆ ಹೇಗೆ ಹೋಗುವುದು ಎಂದಳು. ಬಾಯಾರು ಉಪದೇಶ ಮಾಡಲಿಲ್ಲ. ಎದ್ದು ಬಾಜೂ ಮನೆಗೆ ಹೋದರು. ಅಲ್ಲಿಯ ಅಜ್ಜಿಯ ಜೊತೆ ಏನೇನು ಮಾತಾಡಿದರೋ, ತುಸು ಹೊತ್ತಿನ ಮೇಲೆ ಅಜ್ಜಿಯನ್ನೇ ಕರೆದುಕೊಂಡು ಬಂದರು. “ಈ ಆಯಿ ಹಗಲ ಕೂಸ ನೋಡತಾಳಂತ. ಆಕಿಗೂ ಮನಿಯಾಗ ಒಬ್ಬಾಕಿ ಕುಂತ ಕುಂತ ಸಾಕಾಗೈತಿ.” ಚಿಕ್ಕಮ್ಮ ಅಜ್ಜಿಯ ಮುಖ ನೋಡಿದಳು, ಅಜ್ಜಿ ಆಗಲೇ ಕೂಸಿಗೆ ಕೈ ಚಾಚಿದ್ದಳು.

ಕೂಸು ಅಜ್ಜಿಯ ಮಡಿಲಿಗೆ ಹೋದದ್ದೇ ತಡ, ರೇಖಾ ಬಾಗಿಲ ಹಿಂದಿನಿಂದ ಬಾಣದ ಹಾಗೆ ಬಂದು ಬಾಯಾರ ಸೊಂಟ ಅಪ್ಪಿಕೊಂಡಳು. ನಾನು ಅಲ್ಲೇ ಪಕ್ಕದಲ್ಲಿದ್ದೆ. ಚಾಚಿದ ನನ್ನ ಕೈಯನ್ನು ಸೆರಗು ಸರಿಮಾಡಿಕೊಳ್ಳುವ ಹಾಗೆ ಹಿಂದೆ ತೆಗೆದುಕೊಂಡೆ. ಹುಡುಗಿ ಸಿಕ್ಕಳು ಎಂಬ ಸಂತೋಷ ಇತ್ತು, ಇಲ್ಲ ಎನ್ನಲಾರೆ. ಅದರ ಕೆಳಗೇ ಇನ್ನೊಂದು ಸುಡುತ್ತಿತ್ತು.

ವಾಪಸು ಬರುವ ಬಸ್ಸಿನಲ್ಲಿ ರೇಖಾ ನಮ್ಮಿಬ್ಬರ ನಡುವೆ ಕೂತಳು. ಬಾಯಾರ ಜೊತೆ ಬಾಯಿ ತುಂಬ ಮಾತಾಡಿದಳು. ಹೊಳೆ ದಾಟುವಷ್ಟರಲ್ಲಿ ನಿದ್ದೆ ಬಂತು. ತೂಕಡಿಸಿ ಆ ಕಡೆ ಈ ಕಡೆ ವಾಲಿ, ಕಡೆಗೆ ನನ್ನ ಹೆಗಲ ಮೇಲೆ ತಲೆ ಇಟ್ಟು, ನನ್ನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡು ಮಲಗಿದಳು. ನಾನು ಅಲುಗಾಡದೆ ಕೂತೆ. ಬಾಯಾರು ನೋಡಿದರು. ಒಂದು ಕ್ಷಣ ಅವರ ಮುಖದಲ್ಲಿ ಬಂದು ಹೋದದ್ದು ಏನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಕಿಟಕಿಯ ಕಡೆ ತಿರುಗಿ ಹೊರಗೆ ನೋಡುತ್ತ ಕೂತರು. ಮೆಟ್ಟಿಲ ಮೇಲೆ ನಕ್ಕು ಹೇಳಿದ ಹಾಗೆ ಇದನ್ನು ಹೇಳಲಿಲ್ಲ. ಗೋಕಾಕ ಹತ್ತಿರ ಬಂದಾಗ, “ಎಬ್ಬಸಬ್ಯಾಡ, ಇನ್ನ ತುಸು ಮಲಗ್ಲಿ” ಎಂದಷ್ಟೇ ಅಂದರು.

ಮುಂದಿನ ವರ್ಷ ನನ್ನನ್ನು ಅತಿಥಿ ಶಿಕ್ಷಕಿ ಎಂದು ತೆಗೆದುಕೊಂಡರು. ಬಾಯಾರು ನಿವೃತ್ತಿಯಾಗುವ ತನಕ ನಾವು ಬಾಜೂ ಬಾಜೂ ಖೋಲಿಯಲ್ಲಿ ಕಲಿಸಿದೆವು. ಅವರ ಖೋಲಿಯ ಸದ್ದು ನನಗೆ, ನನ್ನ ಖೋಲಿಯ ಸದ್ದು ಅವರಿಗೆ. ಅವರು ಹೋಗುವ ದಿನ ಶಾಲು ಹೊದಿಸಿದರು, ಭಾಷಣ ಆಯಿತು. ಅವರು ಮಾತಾಡಲು ಎದ್ದು, “ನನಗ ಮಾತ ಬರಂಗಿಲ್ಲ, ಬಸ್ ಬರೋ ಹೊತ್ತಾತು” ಎಂದು ಕೂತುಬಿಟ್ಟರು. ಬಸ್ಸು ಹೊರಟಾಗ ಮಕ್ಕಳು ರಸ್ತೆಯಲ್ಲಿ ಓಡಿದವು. ಮುಸ್ಕಾನ್ ಆಗ ಹೈಸ್ಕೂಲಿನ ಹುಡುಗಿ, ಅವಳೂ ಓಡಿದಳು. ನಾನು ಓಡಲಿಲ್ಲ.

ನಿವೃತ್ತಿಯ ಮೇಲೆ ಅವರು ಗೋಕಾಕ ಬಿಟ್ಟು ಮೂಡಲಗಿಯಲ್ಲಿ ನೆಲೆಸಿದ್ದರು. ಅಲ್ಲಿ ತೀರಿಕೊಂಡ ಸುದ್ದಿ ಬಂದಾಗ ಮಳೆ ಹಿಡಿದಿತ್ತು, ಮಣ್ಣಿಗೆ ಹೋಗಲು ಆಗಲಿಲ್ಲ. ಮಳೆ ಬಿಟ್ಟ ಮೇಲೆ ಒಬ್ಬಳೇ ಹೋದೆ. ಬಾಯಾರ ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಹೋಗಿದ್ದರು, ಮನೆಯಲ್ಲಿ ಇದ್ದದ್ದು ಮಗಳೊಬ್ಬಳೇ. ಪೋಸ್ಟಾಫೀಸಿನಲ್ಲಿ ಕೆಲಸ, ನನ್ನದೇ ವಯಸ್ಸು. ಅಂಕಲಗಿಯಿಂದ ಬಂದಿದ್ದೇನೆ, ಅದೇ ಶಾಲೆಯಲ್ಲಿದ್ದೇನೆ ಎಂದು ಹೇಳಿದೆ. ಅವಳು ಚಹಾ ತಂದಿಟ್ಟು ಎದುರಿಗೆ ಕೂತಳು. ನಾನೇನು ಸಮಾಧಾನ ಹೇಳಬೇಕೆಂದು ಹುಡುಕುತ್ತಿರುವಾಗ ಅವಳೇ ಕೇಳಿದಳು.

“ನಮ್ಮವ್ವ ಸಾಲಿಯಾಗ ಹೆಂಗ ಇದ್ಳರಿ?”

ನನಗೆ ಅರ್ಥವಾಗಲಿಲ್ಲ.

“ಅಂದ್ರ, ಬಂದವರೆಲ್ಲ ಹೇಳತಾರ, ಬಾಯಾರ ಹಂಗ ನಗಸ್ತಿದ್ರು, ಹಿಂಗ ಹಾಡ್ತಿದ್ರು ಅಂತ. ಮನಿಗೆ ಬಂದ್ರ ಆಕಿಗೆ ದನಿನ ಇರತಿರಲಿಲ್ರಿ. ಚಾ ಕುಡದ ಕಣ್ಣ ಮುಚಗೊಂಡ ಕುಂದರಾಕಿ. ನಾ ಸಣ್ಣಾಕಿ ಇದ್ದಾಗ ಒಂದ ದಿನಾನೂ ನನಗ ಅಕ್ಷರ ತಿದ್ದಿಸಲಿಲ್ಲ. ಎಲ್ಲಾ ನಿಮ್ಮೂರ ಮಕ್ಕಳಿಗೆ ಖರ್ಚ ಮಾಡಿ ಬರ್ತಿದ್ಳು.” ನನ್ನ ಕಡೆ ನೋಡಿ ಹೇಳಿದಳು: “ನಿಮ್ಮನ್ನ ನೋಡಿದ್ರ ಹೊಟ್ಟಿ ಉರಿತೈತ್ರಿ ನನಗ. ತಪ್ಪ ತಿಳೀಬ್ಯಾಡ್ರಿ.”

ನಾನು ತಪ್ಪು ತಿಳಿಯಲಿಲ್ಲ. ಅವಳಷ್ಟು ಹತ್ತಿರದವರು ಎಂದು ನನಗೆ ಅಲ್ಲಿಯವರೆಗೆ ಬೇರೆ ಯಾರೂ ಅನಿಸಿರಲಿಲ್ಲ.

“ನನ್ನ ಬಗ್ಗೆ ಏನರೆ ಹೇಳ್ತಿದ್ಳೇನ್ರಿ?” ಎಂದು ಕೇಳಿದಳು. ಕೇಳಬಾರದ್ದನ್ನು ಕೇಳಿದವಳ ಹಾಗೆ ಚಹಾದ ಕಪ್ಪು ಬಸಿ ಎತ್ತಿಡಲು ಎದ್ದಳು.

ಹೇಳುತ್ತಿದ್ದರೇ ಎಂದರೆ! ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಅವರ ಬಾಯಲ್ಲಿ ಬೇರೆ ಮಾತೇ ಇರುತ್ತಿರಲಿಲ್ಲ. ಮಗಳು ಬದನೆಕಾಯಿ ತಿನ್ನುವುದಿಲ್ಲ. ಮಗಳ ಅಕ್ಷರ ಮುತ್ತಿನ ಹಾಗೆ. ಮಗಳು ನೌಕರಿಯ ಮೊದಲ ದಿನ ಉಟ್ಟ ಸೀರೆಯ ಅಂಚು ಯಾವ ಬಣ್ಣ. ಮಗಳು ಸಿಟ್ಟು ಬಂದರೆ ಬಾಗಿಲು ಹಾಕಿಕೊಳ್ಳುತ್ತಾಳೆ, ಹೊರಗೆ ಇವರು ಎಷ್ಟು ಹೊತ್ತು ಕೂತಿರುತ್ತಾರೆ. ನಾನು ಎದುರಿಗೆ ಕೂತು ರೊಟ್ಟಿ ಮುರಿಯುತ್ತ, ನೋಡದ ಆ ಹುಡುಗಿಯ ಮೇಲೆ ಎಷ್ಟೋ ಮಧ್ಯಾಹ್ನ ಉರಿದಿದ್ದೆ. ಈಗ ಅವಳೇ ಎದುರಿಗೆ, ಖಾಲಿ ಕಪ್ಪು ಹಿಡಿದುಕೊಂಡು ನಿಂತಿದ್ದಳು.

ಹೇಳತೊಡಗಿದೆ. ಬದನೆಕಾಯಿಯ ಮಾತಿಗೆ ಅವಳು ನಕ್ಕಳು. ಸೀರೆಯ ಅಂಚಿನ ಮಾತಿಗೆ ಕೂತಳು. ಬಾಗಿಲ ಹೊರಗೆ ಕೂತ ಮಾತಿಗೆ ಬಾಯಿಗೆ ಸೆರಗು ಹಿಡಿದು ಅತ್ತಳು. “ಹೊರಗ ಕುಂದರ್ತಿದ್ಳು? ನನಗ ಗೊತ್ತ ಇಲ್ರಿ. ಹೋಗಿ ಮಲಗ್ಯಾಳ ಅಂದಕೋತಿದ್ದೆ.” ನಾನು ಒಂದೊಂದು ಹೇಳಿದ ಹಾಗೂ ಅವಳ ಮುಖ ತುಂಬುತ್ತ ಬಂತು. ಕೇಳುತ್ತ ಕೇಳುತ್ತ ಅವಳು ಎಷ್ಟು ಬಾಯಾರ ಹಾಗೆ ಕಾಣತೊಡಗಿದಳು ಎಂದರೆ ನಾನು ಕಣ್ಣು ತಗ್ಗಿಸಿದೆ.

ನನಗೂ ಒಂದು ಕೇಳಬೇಕಿತ್ತು. ಮನೆಯಲ್ಲಿ ನನ್ನ ಮಾತು ಎಂದಾದರೂ ಬರುತ್ತಿತ್ತೇ? ನಾಲಿಗೆಯ ತುದಿಯ ತನಕ ಬಂತು. ಕೇಳಲಿಲ್ಲ.

ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಅವಳು ಬಾಗಿಲ ತನಕ ಬಂದು ನನ್ನ ಕೈ ಹಿಡಿದುಕೊಂಡಳು.

“ಅಕ್ಕಾರ, ನಿಮ್ಮ ಹೆಸರ ಏನಂದ್ರಿ?”

ನಾನು ಹೆಸರು ಹೇಳಿಯೇ ಇರಲಿಲ್ಲ. ಅವಳಿಗೆ ಅದು ತಾನಾಗಿ ಗೊತ್ತಿರುತ್ತದೆ ಎಂದು ಬೆಳಿಗ್ಗೆಯಿಂದ ಅಂದುಕೊಂಡಿದ್ದೆ. “ಹಸೀನಾ” ಎಂದೆ. ಅವಳು ಬಾಯಿಪಾಠ ಮಾಡುವವರ ಹಾಗೆ ತನ್ನೊಳಗೇ ಇನ್ನೊಮ್ಮೆ ಹೇಳಿಕೊಂಡಳು. “ಮತ್ತ ಬರ್ರಿ, ಹಸೀನಾ ಅಕ್ಕಾ. ಬಂದ ಇನ್ನ ಹೇಳ್ರಿ. ಇನ್ನೂ ಇರಬೇಕಲ್ರಿ?”

“ಬರ್ತೇನಿ” ಎಂದೆ.

ಇನ್ನೂ ಬಹಳ ಇತ್ತು. ಬೇಕೆಂದೇ ಉಳಿಸಿಕೊಂಡು ಬಂದಿದ್ದೆ.